ಬೇಹಿನ ಹಡಗುಗಳೆಲ್ಲ ಗುಜರಿಗೇ ಹೋಗಲಿಲ್ಲ

ಜಲಾಂತರ್ಗಾಮಿಗಳ ಸದ್ದು ಹಿಡಿಯಲು ಅಮೆರಿಕ ನೌಕಾಪಡೆ ಕಟ್ಟಿಸಿದ ಹಡಗುಗಳು ನಿವೃತ್ತಿಯಾದ ಮೇಲೆ ಗುಜರಿಗೇ ಹೋದವಾ ಅಂತ ಕೇಳಿದ್ದೀರಿ. ಇಲ್ಲ. ಸ್ಟಾಲ್ವರ್ಟ್ ವರ್ಗದ 18 ಹಡಗುಗಳಲ್ಲಿ ಹಲವಕ್ಕೆ ಒಳ್ಳೆಯ ಎರಡನೇ ಬದುಕು ಸಿಕ್ಕಿತು.

ಸದ್ದು ಕೇಳುವ ಉದ್ದನೆಯ ಕೇಬಲ್ಲನ್ನು ಹಿಂದೆ ಎಳೆದುಕೊಂಡು ನಿಧಾನವಾಗಿ ಸಾಗುವುದೇ ಇವುಗಳ ಕೆಲಸವಾಗಿತ್ತು. ಹಾಗಾಗಿ ಎಂಜಿನ್ ಸದ್ದು ಕಡಿಮೆ. ಸಮುದ್ರ ಸಂಶೋಧನೆಗೆ ಬೇಕಾದದ್ದೂ ಅದೇ ಅಲ್ವಾ?

ನನಗೆ ತುಂಬಾ ಹತ್ತಿರವಾದದ್ದು 'ಟೈಟನ್'. 1996ರಲ್ಲಿ ಅದು 'ಕಾಇಮಿಮೋಆನಾ' ಎಂಬ ಹೊಸ ಹೆಸರಿನಲ್ಲಿ ಪೆಸಿಫಿಕ್‌ಗೆ ಇಳಿಯಿತು. ಸಮಭಾಜಕದ ಉದ್ದಕ್ಕೂ ಲಂಗರು ಹಾಕಿದ ಸುಮಾರು 70 ತೇಲುಬುರುಡೆಗಳಲ್ಲಿ ಹೆಚ್ಚಿನವನ್ನು ನೋಡಿಕೊಳ್ಳುವುದು ಅದರ ಕೆಲಸವಾಗಿತ್ತು. ನೀರಿನ ಬಿಸಿ, ಗಾಳಿ ಅಳೆದು ಎಲ್ ನಿನೋ (ಪೆಸಿಫಿಕ್ ನೀರು ಬಿಸಿಯೇರಿ ಹಲವು ಸಲ ನಮ್ಮ ಮುಂಗಾರು ಕುಗ್ಗುವುದು) ಬರುತ್ತಾ ಅಂತ ತಿಳಿಯಲು ನೆರವಾಗುವುದು ಆ ಬುರುಡೆಗಳೇ. ಮೂಡಿಗೆರೆಯ ನಮ್ಮ ಕಾಫಿ ಕಣದ ಪಕ್ಕ ಮಳೆ ಅಳೆಯುವ ಡಬ್ಬಿ ಇದೆ. 2023ರ ಆಗಸ್ಟ್‌ನಲ್ಲಿ ಬೆಳಗ್ಗೆ ಹೋಗಿ ನೋಡಿದರೆ ಎಷ್ಟೋ ದಿನ ತಳ ಒಣಗಿಯೇ ಇರುತ್ತಿತ್ತು. ಅದು ಎಲ್ ನಿನೋ ವರ್ಷ. ಅಷ್ಟು ದೂರದ ಆ ನೀರಿಗೂ ನಮ್ಮ ಗಿಡಕ್ಕೂ ನಂಟಿದೆ.

'ಕೇಪಬಲ್' ಈಗ 'ಓಕಿಯಾನೋಸ್ ಎಕ್ಸ್‌ಪ್ಲೋರರ್'. 6000 ಮೀಟರ್ ಆಳಕ್ಕೆ ಇಳಿಯುವ ಯಂತ್ರದಿಂದ ಕಡಲತಳವನ್ನು ನೇರಪ್ರಸಾರ ಮಾಡುತ್ತದೆ. ಕರೆಂಟ್ ಇದ್ದ ರಾತ್ರಿ ಖಂಡಿತ ನೋಡಿ. ಇನ್ನೆರಡು ಪೋರ್ಚುಗಲ್‌ಗೆ, ಒಂದು ನ್ಯೂಜಿಲೆಂಡ್‌ಗೆ ಸಮುದ್ರ ಸರ್ವೆಗೆ ಹೋದವು. 'ಪರ್ಸಿಸ್ಟೆಂಟ್' ನಾವಿಕ ವಿದ್ಯಾರ್ಥಿಗಳ ತರಬೇತಿ ಹಡಗಾಯಿತು.