ಅರವತ್ತು ದಾಟಿದ ಮೇಲೆ ಮನೆ ಹೋಯಿತು, ಮತ್ತೆ ನೆಲೆ ಸಿಕ್ಕಿತು

"ಅರವತ್ತರ ಮೇಲೆ ಮನೆ ಕಳೆದುಕೊಂಡವರು ಯಾರಾದರೂ ಇದ್ದೀರಾ? ಹೇಗೆ ಚೇತರಿಸಿಕೊಂಡಿರಿ, ದೇವರ ಮೇಲೆ ನಂಬಿಕೆ ಉಳಿಯಿತಾ?" ಅಂತ ಕೇಳಿದ್ದೀರಿ. ನಾನಿದ್ದೇನೆ. ನಂಬಿಕೆ ಈಗ ಇದೆ, ಮಧ್ಯೆ ಒಂದಷ್ಟು ಕಾಲ ಇರಲಿಲ್ಲ.

ಬೆಂಗಳೂರಿನಲ್ಲಿ ಲೀಸ್ ಮನೆಯಲ್ಲಿದ್ದೆವು, ಅಂದರೆ ತಿಂಗಳ ಬಾಡಿಗೆ ಬದಲು ಮೊದಲೇ ಒಂದು ದೊಡ್ಡ ಮೊತ್ತ ಕೊಟ್ಟು. ಯಜಮಾನರ ಪಿಎಫ್ ದುಡ್ಡೆಲ್ಲ ಆ ಲೀಸಿಗೇ ಹೋಗಿತ್ತು. ಅವರು ತೀರಿಕೊಂಡ ಮೇಲೂ ನಾನು ಅಲ್ಲೇ ಇದ್ದೆ. ಓನರ್ ಮನೆ ಅಡ ಇಟ್ಟು ಸಾಲ ತೆಗೆದು ಕಂತು ಕಟ್ಟಿರಲಿಲ್ಲ, ಬ್ಯಾಂಕಿನವರು ಬಂದು ಗೋಡೆಗೆ ನೋಟಿಸ್ ಅಂಟಿಸಿದರು. 2002ರ ಸರ್ಫೇಸಿ ಕಾಯ್ದೆ ಪ್ರಕಾರ ಇಂಥ ಮನೆಯನ್ನು ಬ್ಯಾಂಕು ದಾವೆ ಹೂಡದೆಯೇ ವಶಕ್ಕೆ ತಗೊಂಡು ಹರಾಜು ಹಾಕಬಹುದು. ಓನರ್ ಫೋನ್ ಎತ್ತುವುದನ್ನೇ ಬಿಟ್ಟರು. (ಲೀಸಿಗೆ ಮನೆ ನೋಡುತ್ತಿರುವವರು ದಯವಿಟ್ಟು ಮೊದಲು ಇಸಿ (ಸಬ್ ರಿಜಿಸ್ಟ್ರಾರ್ ಕಚೇರಿಯ ಋಣಭಾರ ಪತ್ರ) ತೆಗೆಸಿ, ಮನೆ ಮೇಲೆ ಸಾಲ ಇದೆಯಾ ನೋಡಿ.) ನನಗೆ ಮಕ್ಕಳಿಲ್ಲ. ತಮ್ಮನ ಮನೆಯಲ್ಲಿ ಸ್ವಲ್ಪ ದಿನ ಇದ್ದೆ, ಒಂದೇ ರೂಮು, ಬೆಳೆದ ಮಕ್ಕಳು, ನಾನೇ ಹೊರಟೆ.

ಆಮೇಲೆ ರಾತ್ರಿಗಳೆಲ್ಲ ಮೆಜೆಸ್ಟಿಕ್ ಬಸ್ ಸ್ಟ್ಯಾಂಡಿನಲ್ಲಿ. ಆಧಾರ್, ಪಾಸ್‌ಬುಕ್ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ರವಿಕೆಯೊಳಗೆ ಇಟ್ಟುಕೊಳ್ಳುತ್ತಿದ್ದೆ, ಚಪ್ಪಲಿ ತಲೆಯಡಿಗೆ. ಶೌಚಾಲಯಕ್ಕೆ ಪ್ರತಿ ಸಲ ಕಾಸು ಕೊಡಬೇಕಲ್ಲ ಅಂತ ಸಂಜೆ ಮೇಲೆ ನೀರೇ ಕುಡಿಯುತ್ತಿರಲಿಲ್ಲ, ಉರಿಮೂತ್ರ ಹತ್ತಿಕೊಂಡಿತು. ಹಸಿವು ಹೇಗೋ ನೀಗುತ್ತಿತ್ತು, ಇಂದಿರಾ ಕ್ಯಾಂಟೀನಿನಲ್ಲಿ 5 ರೂಪಾಯಿಗೆ ತಿಂಡಿ, 10ಕ್ಕೆ ಊಟ. ಆದರೆ ಪಕ್ಕದಲ್ಲಿ ಕೂತವರು "ಯಾವೂರಿಗೆ ಹೋಗ್ಬೇಕಮ್ಮಾ?" ಅಂತ ಕೇಳಿದಾಗ ಹೇಳಲು ಒಂದು ಊರಿನ ಹೆಸರಿಲ್ಲ ಅಲ್ವಾ, ಅದು ತಡೆಯಲಾಗುತ್ತಿರಲಿಲ್ಲ.

ಆಗ ದೇವರ ಮೇಲೆ ಸಿಟ್ಟು. ದೇವಸ್ಥಾನದ ಮುಂದೆ ಕೂತರೂ ಕೈ ಮುಗಿಯುತ್ತಿರಲಿಲ್ಲ. ಶಕ್ತಿ ಯೋಜನೆಯಿಂದ ಹೆಂಗಸರಿಗೆ ಬಸ್ ಫ್ರೀ ಇದೆಯಲ್ಲ, ಸುಮ್ನೆ ತುಮಕೂರಿನ ಬಸ್ ಹತ್ತಿ ಸಿದ್ಧಗಂಗೆಗೆ ಹೋದೆ. ದಾಸೋಹದಲ್ಲಿ ಬಡಿಸುತ್ತಿದ್ದ ಸಣ್ಣ ಹುಡುಗ ತಟ್ಟೆಗೆ ಮುದ್ದೆ ಇಟ್ಟು, ಸಾರು ಹಾಕಿ, ನಾಲ್ಕು ಜನರನ್ನು ದಾಟಿ ಹೋದವನು ತಿರುಗಿ ಬಂದು "ಅಜ್ಜಿ, ಇನ್ನೊಂದು ಹಾಕ್ಲಾ?" ಅಂದ. ಯಾರು, ಯಾವ ಜಾತಿ, ಯಾಕೆ ಬಂದೆ, ಯಾರೂ ಕೇಳಲಿಲ್ಲ. 2019ರಲ್ಲಿ 111ನೇ ವಯಸ್ಸಿನಲ್ಲಿ ಲಿಂಗೈಕ್ಯರಾದ ಶಿವಕುಮಾರ ಸ್ವಾಮಿಗಳು ಜೀವನವಿಡೀ ಮಾಡಿದ್ದೇ ಇದನ್ನು, ಸಾವಿರಾರು ಬಡ ಮಕ್ಕಳು ಅಲ್ಲಿ ಉಂಡು ಓದಿದ್ದಾರೆ. ನಾನು ಮುದ್ದೆ ಮುರಿಯುತ್ತಾ ಅತ್ತುಬಿಟ್ಟೆ. ಮೊದಲು ಜನರ ಮೇಲೆ ನಂಬಿಕೆ ಬಂತು, ದೇವರ ಮೇಲಿನದು ಆಮೇಲೆ ನಿಧಾನಕ್ಕೆ.

ಅಲ್ಲಿ ಪರಿಚಯವಾದ ಮೇಷ್ಟ್ರೊಬ್ಬರು 14567ಕ್ಕೆ ಫೋನ್ ಮಾಡಿ ಕೊಟ್ಟರು. ಹಿರಿಯರ ಸಹಾಯವಾಣಿ ಅದು, ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ. ಅವರಿಂದ ಮನೆ ಇಲ್ಲದ ಹೆಂಗಸರ ತಂಗುದಾಣವೊಂದರಲ್ಲಿ ಜಾಗ ಸಿಕ್ಕಿತು. ನಗರಗಳಲ್ಲಿ 1 ಲಕ್ಷ ಜನಸಂಖ್ಯೆಗೆ 100 ಜನರಿಗಾದರೂ ಇಂಥ ಜಾಗ ಇರಬೇಕು ಅಂತ ಕೇಂದ್ರದ ನಿಯಮವೇ ಇದೆ, ಬಸ್ ಸ್ಟ್ಯಾಂಡಿನಲ್ಲಿ ಮಲಗುವ ನಮಗೆ ಅದನ್ನು ಹೇಳುವವರಿಲ್ಲ. ತಂಗುದಾಣದ ಮೇಲ್ವಿಚಾರಕಿ ಒಂದು ಲೇಡೀಸ್ ಪಿಜಿಯಲ್ಲಿ ಅಡುಗೆ ಕೆಲಸಕ್ಕೆ ಸೇರಿಸಿದರು, ತಾರಸಿ ಮೇಲಿನ ರೂಮು ನನಗೇ ಕೊಟ್ಟಿದ್ದಾರೆ. ಹುಡುಗಿಯರು ಅಮ್ಮಾ ಅಂತಲೇ ಕರೆಯುತ್ತಾರೆ, ಪರೀಕ್ಷೆ ದಿನ ಕಾಲಿಗೆ ಬಿದ್ದು ಹೋಗುತ್ತಾರೆ.

ಕೃತಜ್ಞತೆ ಬಗ್ಗೆ ನೇರವಾಗಿ ಹೇಳುತ್ತೇನೆ. ಬೀದಿಯಲ್ಲಿದ್ದಾಗ "ಇರೋದ್ರಲ್ಲೇ ತೃಪ್ತಿ ಪಡಿ" ಅಂದವರ ಮಾತು ಚುಚ್ಚುತ್ತಿತ್ತು. ಒಳಗಿನಿಂದ ಚಿಲಕ ಹಾಕಿಕೊಳ್ಳುವ ಬಾಗಿಲು ಸಿಕ್ಕಿ, ಹೊಟ್ಟೆ ತುಂಬಾ ನೀರು ಕುಡಿದು ಮಲಗುವಂತಾದ ಮೇಲೇ ನನಗೆ ಆ ಹುಡುಗನ, ಆ ಮೇಷ್ಟ್ರ ಋಣ ನೆನಪಾಗತೊಡಗಿದ್ದು. ಮನೆ ಇಲ್ಲದವರಿಗೆ ಕೃತಜ್ಞತೆ ಬೋಧಿಸಬೇಡಿ.

ನೀವಾಗಲಿ ನಿಮ್ಮವರಾಗಲಿ ಈಗಲೂ ಹೊರಗೆ ಮಲಗುತ್ತಿದ್ದರೆ ಬೆಳಿಗ್ಗೆಯೇ 14567ಕ್ಕೆ ಫೋನ್ ಮಾಡಿ. 65 ಆಗಿದ್ದರೆ ನಾಡಕಚೇರಿಯಲ್ಲಿ ಸಂಧ್ಯಾ ಸುರಕ್ಷಾ ಅನ್ನುವ ವೃದ್ಧರ ಪಿಂಚಣಿಗೆ ಅರ್ಜಿ ಹಾಕಿ, ತಿಂಗಳಿಗೆ 1,200 ರೂಪಾಯಿ. ಯಾವ ಊರಿನಲ್ಲಿದ್ದೀರಿ ಅಂತ ಕೆಳಗೆ ಬರೆಯಿರಿ, ಬೆಂಗಳೂರಾದರೆ ತಂಗುದಾಣದವರ ಹತ್ತಿರ ನಾನೇ ಮಾತಾಡುತ್ತೇನೆ.