ನೆಬ್ರಾಸ್ಕಾಗೆ ಮುಂದಿನ ಕೋಚ್ ಯಾರಾಗಬೇಕು? ನನ್ನ ಓಟು ಹಿತ್ತಲ ಗಿಡಕ್ಕೆ

ಲ್ಯಾನ್ಸ್ ಲೈಪೋಲ್ಡ್, ಕಾನ್ಸಸ್ ತಂಡದ ಕೋಚ್. ಪ್ರೊಫೆಸರ್ ಕೇಳಿದರೆ ಇಷ್ಟು ಹೇಳಿ ಕಾಫಿ ಲೋಟ ಎತ್ತಿಕೊಂಡು ಹೊರಟುಬಿಡಿ. "ಯಾಕೆ?" ಅಂದರೆ ಮಾತ್ರ ಕೆಳಗಿನದು ಬೇಕಾಗುತ್ತದೆ.

ಇದು 2022ರ ಅಕ್ಟೋಬರ್‌ನಲ್ಲಿ ಬರೆದದ್ದು. ಆಗಸ್ಟ್‌ನಲ್ಲಿ ಎಂ.ಎಸ್. ಮಾಡಲು ನೆಬ್ರಾಸ್ಕಾದ ಲಿಂಕನ್‌ಗೆ ಬಂದೆ, ಲ್ಯಾಬಿನಲ್ಲಿ ವಿಶ್ವವಿದ್ಯಾಲಯದ ಅಮೆರಿಕನ್ ಫುಟ್‌ಬಾಲ್ ತಂಡದ ಕೋಚ್ ವಿಷಯ ಬಿಟ್ಟು ಬೇರೆ ಮಾತಿಲ್ಲ, ಒಂದು ಕಾಲೇಜು ತಂಡಕ್ಕೆ ಇಷ್ಟು ರಂಪ ಯಾಕೆ, ನೀವಾದರೆ ಯಾರನ್ನು ಆರಿಸುತ್ತೀರಿ ಅಂತ ಕೇಳಿದ್ದೀರಿ. ನಾನು ಇದೇ ಊರಿಗೆ 2008ರಲ್ಲಿ ಬಂದವನು. ಹದಿನಾಲ್ಕು ವರ್ಷದಲ್ಲಿ ಮೂವರು ಕೋಚ್‌ಗಳು ಬಂದದ್ದನ್ನೂ ಮೂವರೂ ಹೋದದ್ದನ್ನೂ ನೋಡಿದ್ದೇನೆ. ಈ ವಾರ ಪಂದ್ಯ ಇಲ್ಲ, ಹಾಗಾಗಿ ನಿಧಾನವಾಗಿ ಬರೆಯುತ್ತೇನೆ.

ಮೊದಲು ರಂಪದ ಕಾರಣ. ಈ ರಾಜ್ಯದ ಜನಸಂಖ್ಯೆ ಸುಮಾರು 20 ಲಕ್ಷ ಅಷ್ಟೇ. ದೊಡ್ಡ ಲೀಗಿನ ವೃತ್ತಿಪರ ತಂಡ ಒಂದೂ ಇಲ್ಲ. ಇರುವುದು ವಿಶ್ವವಿದ್ಯಾಲಯದ ಈ ಕೆಂಪು ಅಂಗಿಯ ತಂಡ ಒಂದೇ. ಪಂದ್ಯದ ಶನಿವಾರ ಮೆಮೋರಿಯಲ್ ಸ್ಟೇಡಿಯಂನಲ್ಲಿ ಕೂತವರನ್ನು ಲೆಕ್ಕ ಹಾಕಿದರೆ ಒಮಾಹಾ, ಲಿಂಕನ್ ಬಿಟ್ಟರೆ ಅದೇ ರಾಜ್ಯದ ಮೂರನೇ ದೊಡ್ಡ ಊರು. 1962ರ ನವೆಂಬರ್‌ನಿಂದ ಇಲ್ಲಿಯವರೆಗೆ ಒಂದು ಪಂದ್ಯಕ್ಕೂ ಟಿಕೆಟ್ ಉಳಿದಿಲ್ಲ, ಸೋಲುವ ವರ್ಷಗಳಲ್ಲೂ. 1970, 71, 94, 95, 97, ಹೀಗೆ ಐದು ರಾಷ್ಟ್ರೀಯ ಪಟ್ಟ. ಟಾಮ್ ಆಸ್ಬೋರ್ನ್ ಎಂಬವರು 25 ವರ್ಷ ಕೋಚ್ ಆಗಿದ್ದು 255 ಪಂದ್ಯ ಗೆದ್ದು, ಸೋತದ್ದು 49. ಇಲ್ಲಿಯ ಅಜ್ಜಂದಿರು ಆ 49ರಲ್ಲಿ ಹತ್ತಿಪ್ಪತ್ತನ್ನು ಬಾಯಿಪಾಠ ಹೇಳುತ್ತಾರೆ, ಗೆದ್ದದ್ದನ್ನಲ್ಲ. 2016ರ ನಂತರ, ಈ 2022ರವರೆಗೆ, ಒಂದು ಬೌಲ್ ಪಂದ್ಯಕ್ಕೂ ಅರ್ಹತೆ ಸಿಕ್ಕಿಲ್ಲ. ಬೌಲ್ ಅಂದರೆ ಋತುವಿನ ಕೊನೆಯ ಹಬ್ಬದೂಟ. ಹನ್ನೆರಡರಲ್ಲಿ ಆರು ಗೆದ್ದರೆ ಎಲೆ ಹಾಕುತ್ತಾರೆ, ನಮಗೆ ಅದೂ ಆಗುತ್ತಿಲ್ಲ. ಆರ್‌ಸಿಬಿ ನೋಡುತ್ತಾ ಬೆಳೆದವರಾದರೆ ನಿಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೊಂದು ಮಾತು. ಕ್ರಿಕೆಟ್ ಕೋಚ್ ಥರ ಇಲ್ಲಿಯ ಹೆಡ್ ಕೋಚ್ ಡ್ರೆಸ್ಸಿಂಗ್ ರೂಮಿನಲ್ಲಿ ನೋಟ್‌ಬುಕ್ ಹಿಡಿದು ಕೂರುವವನಲ್ಲ. ಆಯ್ಕೆ ಸಮಿತಿ, ತಂತ್ರ, ಹಾಸ್ಟೆಲ್ ವಾರ್ಡನ್, ಹದಿನೇಳರ ಹುಡುಗನ ಅಮ್ಮನ ಸೋಫಾದಲ್ಲಿ ಕೂತು "ನಿಮ್ಮ ಮಗನನ್ನು ನಮಗೆ ಕೊಡಿ" ಅಂತ ಕೇಳುವ ಬೀಗ, ಎಲ್ಲವೂ ಅವನೇ. ಸಂಬಳವೂ ಹಾಗೇ, ಕುಲಪತಿಗಿಂತ ಎಷ್ಟೋ ಪಟ್ಟು.

ನನ್ನ ಪಕ್ಕದ ಮನೆಯ ಮುದುಕರು ನಿವೃತ್ತ ರೈಲ್ವೆ ನೌಕರ. 2017ರ ಡಿಸೆಂಬರ್‌ನಲ್ಲಿ ಸ್ಕಾಟ್ ಫ್ರಾಸ್ಟ್ ಕೋಚ್ ಆದ ದಿನ ನಮ್ಮ ಬಾಗಿಲು ತಟ್ಟಿ, ಪೈ ತಟ್ಟೆ ಕೈಗಿಟ್ಟು, ಕಣ್ಣೊರೆಸಿಕೊಂಡು ಹೋದರು. ಫ್ರಾಸ್ಟ್ ಇದೇ ರಾಜ್ಯದ ವುಡ್ ರಿವರ್ ಎಂಬ ಸಣ್ಣ ಊರಿನ ಹುಡುಗ, 1997ರ ಪಟ್ಟ ಗೆದ್ದ ತಂಡದ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ಆಟ ನಡೆಸುವವನು), 2017ರಲ್ಲಿ ಸೆಂಟ್ರಲ್ ಫ್ಲೋರಿಡಾ ತಂಡವನ್ನು ಸೋಲಿಲ್ಲದ ಋತುವಿಗೆ ಒಯ್ದವನು. ಮನೆಮಗ ಮನೆಗೆ ಬಂದ, ಇನ್ನೇನು ಬೇಕು? 16 ಗೆಲುವು, 31 ಸೋಲು. ಅದಕ್ಕಿಂತ ಹೊಟ್ಟೆ ಉರಿಸುವ ಲೆಕ್ಕ ಬೇರೆ ಇದೆ: ಎಂಟು ಅಥವಾ ಅದಕ್ಕಿಂತ ಕಡಿಮೆ ಅಂಕದಲ್ಲಿ ತೀರ್ಮಾನವಾದ ಪಂದ್ಯಗಳಲ್ಲಿ 5 ಗೆಲುವು, 22 ಸೋಲು. ಅಂದರೆ ಪ್ರತಿ ವಾರ ಬಾಗಿಲವರೆಗೆ ಹೋಗಿ ಚಪ್ಪಲಿ ಕಳೆದುಕೊಂಡು ಬರುವುದು. ಈ ಆಗಸ್ಟ್‌ನಲ್ಲಿ ಡಬ್ಲಿನ್‌ನಲ್ಲಿ ನಾರ್ತ್‌ವೆಸ್ಟರ್ನ್ ವಿರುದ್ಧ 28-17 ಮುಂದಿದ್ದಾಗ, ಯಾರೂ ಕೇಳದೇ ಇದ್ದರೂ ಚೆಂಡನ್ನು ಗಿಡ್ಡಗೆ ಒದೆಸಿ ವಾಪಸ್ ಗಿಟ್ಟಿಸಿಕೊಳ್ಳಲು ಹೊರಟ. ಚೆಂಡು ಅವರಿಗೆ ಸಿಕ್ಕಿತು, ಪಂದ್ಯವೂ. 31-28.

ಸೆಪ್ಟೆಂಬರ್ 10ರಂದು ಜಾರ್ಜಿಯಾ ಸದರ್ನ್ ಬಂದಾಗ ನಾನು ಸ್ಟೇಡಿಯಂನಲ್ಲೇ ಇದ್ದೆ. ಆ ದಿನದವರೆಗೆ ಈ ಮೈದಾನದಲ್ಲಿ ನಾವು 35 ಅಥವಾ ಹೆಚ್ಚು ಅಂಕ ಗಳಿಸಿ ಸೋತದ್ದೇ ಇರಲಿಲ್ಲ, 214 ಸಲ 214 ಗೆಲುವು. ಅವತ್ತು ನಾವು 42 ಗಳಿಸಿದೆವು, ಅವರು 45. ಒಟ್ಟು 642 ಗಜ ಓಡಿ, ಎಸೆದು, ನಮ್ಮ ಡಿಫೆನ್ಸ್ ಮಧ್ಯೆ ಸಂತೆಗೆ ಹೋಗಿಬಂದಂತೆ ಹೋಗಿಬಂದರು. 36 ಸೆಕೆಂಡ್ ಉಳಿದಿದ್ದಾಗ ಅವರ ಕ್ವಾರ್ಟರ್‌ಬ್ಯಾಕ್ ಕೈಲ್ ವ್ಯಾನ್‌ಟ್ರೀಸ್ ತಾನೇ ಚೆಂಡು ಹಿಡಿದು ಕೊನೆಯ ಗೆರೆ ದಾಟಿ ಓಡಿ ಟಚ್‌ಡೌನ್ ಮಾಡಿದ. ಸ್ಟೇಡಿಯಂ ಬಯ್ಯಲೂ ಇಲ್ಲ. ನಮ್ಮ ಮುಂದಿನ ಸಾಲಿನ ಹೆಂಗಸು ಮಡಿಲಲ್ಲಿದ್ದ ಪಾಪ್‌ಕಾರ್ನ್ ಚೀಲದ ಬಾಯನ್ನು ನಿಧಾನವಾಗಿ ಮಡಚಿ, ಇನ್ನೊಮ್ಮೆ ಮಡಚಿ, ಎದ್ದು ಹೋದರು. ಮಾರನೇ ದಿನ ಫ್ರಾಸ್ಟ್ ವಜಾ. ಅಕ್ಟೋಬರ್ 1ರವರೆಗೆ ಕಾದಿದ್ದರೆ ಕೊಡಬೇಕಾದ ಪರಿಹಾರ 1.5 ಕೋಟಿ ಡಾಲರ್‌ನಿಂದ ಅರ್ಧಕ್ಕೆ ಇಳಿಯುತ್ತಿತ್ತು. ಮೂರು ವಾರ ಕಾಯುವಷ್ಟು ತಾಳ್ಮೆ ಅಥ್ಲೆಟಿಕ್ ಡೈರೆಕ್ಟರ್ (ವಿಶ್ವವಿದ್ಯಾಲಯದ ಕ್ರೀಡಾ ವಿಭಾಗದ ಮುಖ್ಯಸ್ಥ) ಟ್ರೆವ್ ಆಲ್ಬರ್ಟ್ಸ್‌ಗೆ ಉಳಿದಿರಲಿಲ್ಲ. ವ್ಯಾನ್‌ಟ್ರೀಸ್ ಹೆಸರು ನೆನಪಿರಲಿ, ಮತ್ತೆ ಬರುತ್ತದೆ.

ಇಷ್ಟು ವರ್ಷ ನೋಡಿ ನನಗೆ ಅನ್ನಿಸಿದ್ದು: ಈ ಊರು ಕೋಚನ್ನು ಆರಿಸುವುದಿಲ್ಲ, ಹಿಂದಿನ ಕೋಚ್‌ಗೆ ಮದ್ದು ಹುಡುಕುತ್ತದೆ. ಆಸ್ಬೋರ್ನ್ ಶಿಷ್ಯ ಫ್ರಾಂಕ್ ಸೋಲಿಚ್ ಹಳೇ ಪದ್ಧತಿಯವನು ಅಂತ 2003ರಲ್ಲಿ 9-3 ಇದ್ದರೂ ಕಳಿಸಿ, ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್‌ನಿಂದ ಬಿಲ್ ಕ್ಯಾಲಹನ್ ತಂದರು, ಎಸೆಯುವ ಆಟಕ್ಕೆ. ಅವನ ಡಿಫೆನ್ಸ್ 2007ರಲ್ಲಿ ಕಾನ್ಸಸ್‌ಗೆ 76 ಅಂಕ ಬಿಟ್ಟುಕೊಟ್ಟಿತು ಅಂತ ಡಿಫೆನ್ಸ್ ಪಂಡಿತ ಬೊ ಪೆಲಿನಿ ಬಂದ. ಏಳು ವರ್ಷ, ಒಂದು ವರ್ಷವೂ 9ಕ್ಕಿಂತ ಕಡಿಮೆ ಗೆಲುವಿಲ್ಲ, ಆದರೆ ಬಾಯಿ ಸರಿ ಇಲ್ಲ, ದೊಡ್ಡ ಪಂದ್ಯ ಗೆಲ್ಲುವುದಿಲ್ಲ. ಅವನನ್ನು ಕಳಿಸಿ ಊರಿಗೇ ಒಳ್ಳೆಯವನಾದ ಮೈಕ್ ರೈಲಿ. 19-19, ಎಷ್ಟು ಸಮಚಿತ್ತ ನೋಡಿ. ರೈಲಿ ಹೊರಗಿನವನು, ನಮ್ಮ ಮಣ್ಣು ಗೊತ್ತಿಲ್ಲ ಅಂತ ಫ್ರಾಸ್ಟ್. ಈಗ ಫ್ರಾಸ್ಟ್‌ಗೆ ಮದ್ದು ಬೇಕು, ಅದಕ್ಕೇ ಈ ಗಲಾಟೆ.

ಹೆಸರುಗಳಿಗೆ ಬರೋಣ.

ಅರ್ಬನ್ ಮೇಯರ್. ಫ್ಲೋರಿಡಾದಲ್ಲಿ ಎರಡು, ಒಹಾಯೊದಲ್ಲಿ ಒಂದು ಪಟ್ಟ. 2021ರಲ್ಲಿ ಎನ್‌ಎಫ್‌ಎಲ್‌ನ ಜಾಕ್ಸನ್‌ವಿಲ್‌ನಲ್ಲಿ 13 ಪಂದ್ಯವೂ ದಾಟಲಿಲ್ಲ, ಋತು ಮುಗಿಯುವ ಮೊದಲೇ ಓಡಿಸಿದರು. ದೂರದ ಬೆಟ್ಟ. ನಿಮ್ಮ ಲ್ಯಾಬಿನಲ್ಲಿ ಈ ಹೆಸರು ಹೇಳುವವನು ಒಬ್ಬ ಇದ್ದೇ ಇರುತ್ತಾನೆ, ಅವನ ಜೊತೆ ವಾದಕ್ಕೆ ಇಳಿಯಬೇಡಿ.

ಮ್ಯಾಟ್ ಕ್ಯಾಂಬೆಲ್, ಪಕ್ಕದ ಐಯೊವಾ ಸ್ಟೇಟ್. ಎರಡು ವರ್ಷದ ಹಿಂದೆ ಕೇಳಿದ್ದರೆ ಎರಡೂ ಕೈ ಎತ್ತುತ್ತಿದ್ದೆ. ಬರಡು ನೆಲದಲ್ಲಿ ಬೆಳೆ ತೆಗೆದವನು, ಫಿಯೆಸ್ಟಾ ಬೌಲ್‌ನಲ್ಲಿ ಆರೆಗನ್ ತಂಡವನ್ನು 34-17ರಿಂದ ಸೋಲಿಸಿದವನು. ಆದರೆ ಈ ಋತುವಿನಲ್ಲಿ ಸಾಲಾಗಿ ನಾಲ್ಕು ಸೋಲು: 31-24, 14-11, 10-9, 24-21. ಈ ಅಂಕಗಳು ಎಲ್ಲೋ ನೋಡಿದ ಹಾಗಿಲ್ಲವೇ? ಇದು ನಮ್ಮದೇ ಕಾಯಿಲೆ. ಒಂದೇ ಜ್ವರದ ಇಬ್ಬರನ್ನು ಒಂದು ಮಂಚದ ಮೇಲೆ ಮಲಗಿಸಿ ಏನು ಪ್ರಯೋಜನ.

ಮಿಕಿ ಜೋಸೆಫ್, ಫ್ರಾಸ್ಟ್ ಹೋದ ಮೇಲೆ ಈ ಋತುವಿನ ಹಂಗಾಮಿ ಕೋಚ್. ಪಕ್ಕದ ಮನೆಯ ಮುದುಕರ ಓಟು ಇವರಿಗೆ. ಆಸ್ಬೋರ್ನ್ ಕಾಲದ ಕ್ವಾರ್ಟರ್‌ಬ್ಯಾಕ್, ಈ ವಿಶ್ವವಿದ್ಯಾಲಯದಲ್ಲಿ ಯಾವುದೇ ಆಟಕ್ಕೆ ಹೆಡ್ ಕೋಚ್ ಆದ ಮೊದಲ ಕಪ್ಪು ವ್ಯಕ್ತಿ. ಒಕ್ಲಹೋಮಾ ಕೈಲಿ 49-14 ಹೊಡೆಸಿಕೊಂಡ ಮರುದಿನವೇ ಡಿಫೆನ್ಸ್ ಕೋಚನ್ನು ತೆಗೆದುಹಾಕಿದ ಧೈರ್ಯ ನನಗೆ ಹಿಡಿಸಿತು. ರಟ್ಗರ್ಸ್ ವಿರುದ್ಧ 14-13, ಅಂದರೆ ಒಂದು ಅಂಕದಲ್ಲಿ ಗೆದ್ದದ್ದು ಇನ್ನೂ ಹಿಡಿಸಿತು. ಕಳೆದ ಶನಿವಾರ ಪರ್ಡ್ಯೂ ವಿರುದ್ಧ 43-37 ಸೋತರೂ, ಎಲ್‌ಎಸ್‌ಯು (ಲೂಸಿಯಾನ ಸ್ಟೇಟ್) ಬಿಟ್ಟು ಇವರ ಹಿಂದೆಯೇ ಬಂದ ಟ್ರೇ ಪಾಮರ್ 237 ಗಜದ ಕ್ಯಾಚ್ ಹಿಡಿದು ಇಲ್ಲಿಯ ದಾಖಲೆ ಮುರಿದ. ಹುಡುಗರನ್ನು ಕರೆತರುವ ಕಲೆ ಇವರಿಗಿದೆ. ಆದರೆ ಹೆಡ್ ಕೋಚ್ ಆಗಿ ಮೊದಲು ನಡೆಸಿದ್ದು ಲ್ಯಾಂಗ್‌ಸ್ಟನ್ ಎಂಬ ಸಣ್ಣ ವಿಶ್ವವಿದ್ಯಾಲಯದ ತಂಡವನ್ನು, ಅದೂ ಎರಡೇ ವರ್ಷ. ಮತ್ತೆ, ನನಗೆ ನಾನೇ ಒಪ್ಪಿಕೊಳ್ಳಬೇಕಾದ್ದು, ಮುದುಕರು ಜೋಸೆಫ್ ಬಗ್ಗೆ ಹೇಳುವ ಮಾತುಗಳು ಐದು ವರ್ಷದ ಹಿಂದೆ ಪೈ ತಟ್ಟೆ ಹಿಡಿದು ಹೇಳಿದವೇ. "ನಮ್ಮವನು." ಯಾರೇ ಬರಲಿ, ಜೋಸೆಫ್‌ರನ್ನು ಸಹಾಯಕರಾಗಿ ಉಳಿಸಿಕೊಳ್ಳಲಿ.

ಮ್ಯಾಟ್ ರೂಲ್. ಹತ್ತು ದಿನದ ಹಿಂದೆ ಕ್ಯಾರೊಲೈನಾ ಪ್ಯಾಂಥರ್ಸ್ ವಜಾ ಮಾಡಿದ ಮೇಲೆ ಈ ಹೆಸರು ಬೆಂಕಿಯ ಹಾಗೆ ಹಬ್ಬಿದೆ. ಎನ್‌ಎಫ್‌ಎಲ್‌ನಲ್ಲಿ 11-27, ಅದನ್ನು ಮರೆಯಿರಿ, ಅದು ಬೇರೆಯೇ ವೃತ್ತಿ. ಕಾಲೇಜಿನ ಲೆಕ್ಕ ನೋಡಿ. ಟೆಂಪಲ್‌ನಲ್ಲಿ ಮೊದಲ ವರ್ಷ 2 ಗೆಲುವು, ಎರಡನೇ ವರ್ಷ 6, ಮೂರನೇ ವರ್ಷ 10. ಹಗರಣದಲ್ಲಿ ಮುಳುಗಿದ್ದ ಬೇಲರ್‌ನಲ್ಲಿ 1, 7, 11. ಇದು ಅದೃಷ್ಟವಲ್ಲ, ಕಸುಬು. ತಾನೂ ಪೆನ್ ಸ್ಟೇಟ್‌ನಲ್ಲಿ ವಿದ್ಯಾರ್ಥಿವೇತನ ಇಲ್ಲದೇ ವಾಕ್-ಆನ್ ಆಗಿ ಸೇರಿ ಆಡಿದವನು. ನೆಬ್ರಾಸ್ಕಾದಲ್ಲಿ ವಾಕ್-ಆನ್ ಅಂದರೆ ಹಳ್ಳಿಹಳ್ಳಿಯ ಹೆಮ್ಮೆ, ರೈತರ ಮಕ್ಕಳು ಹಾಗೆಯೇ ಬಂದು ಈ ತಂಡ ಕಟ್ಟಿದ್ದು. ಟೆಕ್ಸಸ್‌ನ ಹೈಸ್ಕೂಲ್ ಕೋಚ್‌ಗಳ ಪರಿಚಯವೂ ಇದೆ. 2011ರಲ್ಲಿ ನಾವು ಬಿಗ್ ಟೆನ್ ಎಂಬ ಲೀಗಿಗೆ ಹೋದ ಮೇಲೆ ಆ ಬಾಗಿಲು ನಮಗೆ ಅರ್ಧ ಮುಚ್ಚಿಹೋಗಿದೆ. ನನಗಿರುವ ಅನುಮಾನ ರೂಲ್ ಬಗ್ಗೆ ಅಲ್ಲ, ನಮ್ಮ ಬಗ್ಗೆ. ಮೊದಲ ವರ್ಷ 2-10 ಆದರೆ ಇಲ್ಲಿಯ ರೇಡಿಯೊ ಕೇಳುವಂತಿರುವುದಿಲ್ಲ.

ಇನ್ನು ಲೈಪೋಲ್ಡ್. ವಿಸ್ಕಾನ್ಸಿನ್-ವೈಟ್‌ವಾಟರ್ ಎಂಬ ಮೂರನೇ ಹಂತದ (ಡಿವಿಷನ್ 3) ಕಾಲೇಜು ತಂಡದಲ್ಲಿ ಎಂಟು ವರ್ಷ: 109 ಗೆಲುವು, 6 ಸೋಲು, ಆರು ಪಟ್ಟ. ಆರು ಸೋಲು, ಆರು ಪಟ್ಟ! ಆಮೇಲೆ ಬಫಲೋ. ಅಲ್ಲಿ ಅವರು ಬೆಳೆಸಿದ ಕ್ವಾರ್ಟರ್‌ಬ್ಯಾಕ್‌ಗಳಲ್ಲಿ ಒಬ್ಬ ಕೈಲ್ ವ್ಯಾನ್‌ಟ್ರೀಸ್. ಹೌದು, ನಮ್ಮ ಮನೆಗೆ ಬಂದು ಫ್ರಾಸ್ಟ್ ಕೆಲಸ ಕಿತ್ತುಕೊಂಡವನೇ. 2021ರ ಏಪ್ರಿಲ್ 30ಕ್ಕೆ ಕಾನ್ಸಸ್ ಸೇರಿದರು, ವಸಂತಕಾಲದ ಅಭ್ಯಾಸ ಮುಗಿಯುವ ಹೊತ್ತಿಗೆ, ಹಿಂದಿನ ವರ್ಷ 0-9 ಇದ್ದ ತಂಡಕ್ಕೆ. ಆ ನವೆಂಬರ್‌ನಲ್ಲಿ ಆಸ್ಟಿನ್‌ಗೆ ಹೋಗಿ ಓವರ್‌ಟೈಮ್‌ನಲ್ಲಿ ಟೆಕ್ಸಸ್ ವಿರುದ್ಧ 57-56 ಗೆಲುವು. ಸಮ ಮಾಡಿಕೊಳ್ಳಲು ಒಂದು ಅಂಕ ಸಾಕಿತ್ತು, ಎರಡಕ್ಕೆ ಹೋದರು, ಚೆಂಡು ಹಿಡಿದವನು ಒಬ್ಬ ವಾಕ್-ಆನ್ ಹುಡುಗ. ಅದಕ್ಕೆ ಮೊದಲು ಕಾನ್ಸಸ್ ತನ್ನ ಲೀಗಿನ ಪರಸ್ಥಳದ ಪಂದ್ಯಗಳಲ್ಲಿ ಸತತ 56 ಸೋತಿತ್ತು. ಈ ವರ್ಷ ಮೊದಲ ಐದೂ ಗೆಲುವು.

ನನ್ನ ವಾದದ ತಿರುಳು ಇಲ್ಲಿದೆ. ಕಾನ್ಸಸ್ ಕೂಡ ಮೊದಲು ನಮ್ಮ ಹಾಗೇ ಹೆಸರುಗಳ ಹಿಂದೆ ಓಡಿತ್ತು. ನೋಟ್ರ ಡೇಮ್ ನಡೆಸಿ ಬಂದ ಚಾರ್ಲಿ ವೈಸ್, ಎಲ್‌ಎಸ್‌ಯುಗೆ ಪಟ್ಟ ಗೆದ್ದುಕೊಟ್ಟ ಲೆಸ್ ಮೈಲ್ಸ್. ವೈಸ್‌ಗೆ 6 ಗೆಲುವು, ಮೈಲ್ಸ್‌ಗೆ 3. ಪ್ರಾಮಾಣಿಕವಾಗಿ ಇನ್ನೊಂದನ್ನೂ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನಿಮ್ಮ ಪ್ರೊಫೆಸರ್ ಹೇಳುತ್ತಾರೆ: ಬಫಲೋದಿಂದ ಕಾನ್ಸಸ್‌ಗೆ ಮೊದಲು ಬಂದವರು ಟರ್ನರ್ ಗಿಲ್, ನಮ್ಮದೇ ಹಳೇ ಕ್ವಾರ್ಟರ್‌ಬ್ಯಾಕ್, ಎರಡೇ ವರ್ಷದಲ್ಲಿ 5-19 ಆಗಿ ಮನೆಗೆ ಹೋದರು. ಹಾಗಾಗಿ ಬಫಲೋ ನೀರಿನಲ್ಲಿ ಏನೂ ಇಲ್ಲ. ಲೈಪೋಲ್ಡ್‌ಗೆ ಇರುವುದು ಹೋದಲ್ಲೆಲ್ಲ ಜೊತೆಗೆ ಬರುವ ಅದೇ ಸಹಾಯಕರು ಮತ್ತು ಸಣ್ಣ ತಪ್ಪು ಮಾಡದ ತಂಡ. ನಮಗೆ ಬೇಕಾದ್ದು ಅದೊಂದೇ: ತಪ್ಪಾದ ಕಡೆ ಚೆಂಡು ಬೀಳಿಸದ, ಕೊನೆಯ ನಾಲ್ಕು ನಿಮಿಷದಲ್ಲಿ ಕಂಗಾಲಾಗದ ತಂಡ.

ನಗು ಬರುವ ಸಂಗತಿ, ಈ ಮನುಷ್ಯ ನಮ್ಮ ಹಿತ್ತಲಲ್ಲೇ ಇದ್ದ. ಇಲ್ಲಿಂದ ಒಂದು ಗಂಟೆಯೊಳಗಿನ ದಾರಿ, ನೆಬ್ರಾಸ್ಕಾ-ಒಮಾಹಾ ವಿಶ್ವವಿದ್ಯಾಲಯದಲ್ಲಿ ಎರಡು ಸಲ ಸೇರಿ ಸುಮಾರು ಹತ್ತು ವರ್ಷ ಸಹಾಯಕ ಕೋಚ್. ನಡುವೆ ಸೋಲಿಚ್ ಕಾಲದಲ್ಲಿ ಲಿಂಕನ್‌ನಲ್ಲೇ ರಿಕ್ರೂಟಿಂಗ್ ಕಚೇರಿಯ ಕೆಲಸ. ಶಂಖದಿಂದ ಬಿದ್ದರೇ ತೀರ್ಥ ಅನ್ನುವವರ ಯಾರ ಕಣ್ಣಿಗೂ ಬೀಳಲಿಲ್ಲ. ಒಮಾಹಾ ತಂಡವನ್ನೇ 2011ರಲ್ಲಿ ಮುಚ್ಚಿಬಿಟ್ಟರು. ಮುಚ್ಚಿದ ಅಥ್ಲೆಟಿಕ್ ಡೈರೆಕ್ಟರ್ ಯಾರು ಗೊತ್ತೇ? ಟ್ರೆವ್ ಆಲ್ಬರ್ಟ್ಸ್. ಈಗ ಅದೇ ಆಲ್ಬರ್ಟ್ಸ್ ಲೈಪೋಲ್ಡ್ ಮುಂದೆ ಕೂತು "ಬನ್ನಿ" ಅನ್ನಬೇಕು. ಆ ಕೋಣೆಯಲ್ಲಿ ಮೊದಲ ಐದು ನಿಮಿಷ ಯಾವ ಮಾತು ನಡೆಯುತ್ತದೋ ಕೇಳಬೇಕು ಅನ್ನುವ ಆಸೆ ನನಗೆ.

ಬರುತ್ತಾರಾ? ಗೊಂದಲ ಅಲ್ಲೇ ಇರುವುದು. ವಯಸ್ಸು 58. ಹುಟ್ಟಿದ್ದು ವಿಸ್ಕಾನ್ಸಿನ್ ರಾಜ್ಯದಲ್ಲಿ, ಮತ್ತು ವಿಸ್ಕಾನ್ಸಿನ್ ವಿಶ್ವವಿದ್ಯಾಲಯ ಕೂಡ ಇದೇ ತಿಂಗಳು ತನ್ನ ಕೋಚನ್ನು ತೆಗೆದಿದೆ. ಕಾನ್ಸಸ್ ಸುಮ್ಮನೆ ಬಿಟ್ಟುಕೊಡುವುದೂ ಇಲ್ಲ. ಅವರು ಒಲ್ಲೆ ಅಂದರೆ ರೂಲ್, ಎರಡನೇ ಯೋಚನೆ ಬೇಡ, ಆದರೆ ಮೂರು ವರ್ಷ ಯಾರೂ ಬಾಯಿ ತೆರೆಯುವುದಿಲ್ಲ ಅಂತ ಮೊದಲೇ ಬರೆದುಕೊಡಬೇಕು. ನಾನು ಸಹಿ ಹಾಕಲು ತಯಾರು. ಪಕ್ಕದ ಮನೆಯವರ ಸಹಿ ಸಿಗುವುದು ಕಷ್ಟ.

29ನೇ ತಾರೀಕು ಇಲಿನಾಯ್ ಬರುತ್ತಿದೆ. ಎರಡು ವರ್ಷದ ಹಿಂದೆ ಅವರೂ ನಮ್ಮ ಹಾಗೇ ಇದ್ದರು, ಈಗ ಏಳರಲ್ಲಿ ಆರು ಗೆದ್ದಿದ್ದಾರೆ. ಸ್ಟೇಡಿಯಂಗೆ ಹೋಗುವುದಾದರೆ ಕೆಂಪು ಅಂಗಿ ಹಾಕಿಕೊಳ್ಳಿ, ಒಳಗೆ ಥರ್ಮಲ್ ಮರೆಯಬೇಡಿ. ಬಿಸಿಲಿದ್ದರೂ ಮೂರನೇ ಕ್ವಾರ್ಟರ್ ಹೊತ್ತಿಗೆ ಬೆಂಚು ಮಂಜುಗಡ್ಡೆ ಆಗಿರುತ್ತದೆ.