ಎಲ್ಲ ಫಾರಂ ತುಂಬಿಸಿ ಸರಾಸರಿ ತೆಗೆಯಬಹುದೇ?

ಪ್ರಶ್ನೆ: ಗಾರ್ಮೆಂಟ್ಸ್ ಕಾರ್ಖಾನೆಯೊಂದರಲ್ಲಿ ಸೇಫ್ಟಿ ಆಫೀಸರ್ ಆಗಿದ್ದೇನೆ. ಹೊಲಿಗೆ, ಇಸ್ತ್ರಿ, ಪ್ಯಾಕಿಂಗ್ ಎಲ್ಲ ಕಡೆ 'ರೂಲಾ' ಫಾರಂ (ಕೆಲಸ ಮಾಡುವಾಗ ಕೈ, ಕತ್ತು, ಬೆನ್ನು ಇರುವ ಭಂಗಿಗೆ ಅಂಕ ಕೊಡುವುದು) ತುಂಬಿಸಿದೆ. ಟೈಲರ್‌ಗಳಿಗೆ ಬಂದದ್ದು ಬರೀ 4. ಆದರೆ ಕತ್ತುನೋವಿನ ದೂರು ಅವರದ್ದೇ ಜಾಸ್ತಿ. 'ರೀಬಾ' (ಇಡೀ ಮೈಯ ಭಂಗಿಗೆ), 'ನಯಾಶ್' (ಭಾರ ಎತ್ತುವುದಕ್ಕೆ) ಎರಡನ್ನೂ ಮಾಡಿ ಸರಾಸರಿ ತೆಗೆದರೆ ಹೇಗೆ? ಮ್ಯಾನೇಜ್‌ಮೆಂಟಿಗೆ ಒಂದೇ ನಂಬರ್ ಬೇಕಂತೆ.
– ಓದುಗರೊಬ್ಬರು, ಪೀಣ್ಯ

ಉತ್ತರ: ಸರಾಸರಿ ಮಾತ್ರ ಬೇಡ ಸರ್. ರೂಲಾ ಅಂಕ 1ರಿಂದ 7, ರೀಬಾ 1ರಿಂದ 15; ಎರಡರಲ್ಲೂ ಅಂಕ ಹೆಚ್ಚಿದಷ್ಟೂ ಅಪಾಯ ಹೆಚ್ಚು. ನಯಾಶ್ ಸೂತ್ರವಂತೂ ಭಾರ ಎತ್ತುವ ಕೆಲಸಕ್ಕೆ ಮಾತ್ರ. ಕೂಡಿ ಭಾಗಿಸಿದರೆ ಬರುವುದು ಯಾವುದರ ಅಳತೆಯೂ ಅಲ್ಲ.

ನಿಮ್ಮ 4ಕ್ಕೆ ಬರೋಣ. ಅದು ಪಾಸ್ ಮಾರ್ಕ್ ಅಲ್ಲ. 'ಇನ್ನಷ್ಟು ಪರೀಕ್ಷಿಸಿ' ಎಂದೇ ಅದರ ಅರ್ಥ. ರೂಲಾ 1993ರಲ್ಲಿ ಬಂದದ್ದು, ಹೊಲಿಗೆ ಕೆಲಸಕ್ಕೆ ಚೆನ್ನಾಗಿಯೇ ಹೊಂದುತ್ತದೆ. ಆದರೆ ಅದು ನೋಡುವುದು ಒಂದು ಗಳಿಗೆಯ ಭಂಗಿ. ದಿನಕ್ಕೆ ಎಷ್ಟು ಗಂಟೆ ಹಾಗೆ ಕೂರುತ್ತಾರೆ ಎಂಬುದು ಅಂಕಕ್ಕೆ ಬರುವುದಿಲ್ಲ. ನೀವು ಯಾವ ಗಳಿಗೆ ಆರಿಸಿದಿರಿ? ಬೆಳಿಗ್ಗೆ ನಿಮ್ಮನ್ನು ಕಂಡು ನೆಟ್ಟಗೆ ಕೂತವರನ್ನೇ ನೋಡಿರಬಹುದು, ಅಲ್ವಾ?

ನಾನಾದರೆ ನಾರ್ಡಿಕ್ ಪ್ರಶ್ನಾವಳಿಯಿಂದ ಶುರು ಮಾಡುತ್ತೇನೆ. ದೇಹದ 9 ಭಾಗಗಳಲ್ಲಿ ಕಳೆದ 12 ತಿಂಗಳು, ಕಳೆದ 7 ದಿನ ಎಲ್ಲಿ ನೋವಿತ್ತು ಎಂದು ಅದು ಕೇಳುತ್ತದೆ. ಸೂಪರ್‌ವೈಸರ್ ಕೈಯಲ್ಲಿ ಕೊಡಿಸಬೇಡಿ, ಯಾರೂ ನಿಜ ಬರೆಯುವುದಿಲ್ಲ. ಹಿಂದಿ, ಒಡಿಯಾ ಮಾತಾಡುವವರಿದ್ದರೆ ಅವರ ಭಾಷೆಯಲ್ಲೇ ಕೇಳಿ.

ಕತ್ತು ಎಂದವರು ಹೆಚ್ಚಿದ್ದರೆ ಅವರ ಕೆಲಸವನ್ನು ಬಿಡಿಸಿ ಬರೆಯಿರಿ: ಬಂಡಲ್ ಬಿಚ್ಚುವುದು, ಅಂಚು ಕೂಡಿಸುವುದು, ಹೊಲಿಯುವುದು, ದಾರ ಕತ್ತರಿಸುವುದು. ಕತ್ತು ಬಗ್ಗುವ ಹಂತ ಸಿಕ್ಕ ಮೇಲೆ ರೂಲಾವನ್ನು ಅಲ್ಲೇ ಹಾಕಿ, ಊಟದ ನಂತರದ ಪಾಳಿಯಲ್ಲೂ ನೋಡಿ. ಬೆಳಕು ಅಳೆಯುವ ಲಕ್ಸ್ ಮೀಟರ್ ಒಯ್ಯುವುದು ಮರೆಯಬೇಡಿ. ಕಪ್ಪು ಬಟ್ಟೆಗೆ ಕಪ್ಪು ದಾರ, ಮೇಲೆ ಮಂಕು ಬೆಳಕು ಇದ್ದರೆ ಕುರ್ಚಿ ಬದಲಿಸಿಯೂ ಕತ್ತು ಬಗ್ಗುವುದು ನಿಲ್ಲುವುದಿಲ್ಲ.

ಇಸ್ತ್ರಿಯವರದ್ದು ನಿಂತು ಮಾಡುವ, ಇಡೀ ಮೈಯ ಕೆಲಸ. ಅಲ್ಲಿಗೆ ರೀಬಾ ಸಾಕು.

ಪ್ಯಾಕಿಂಗ್‌ನಲ್ಲಿ ಎರಡು ಕೈಯಲ್ಲಿ ಕಾರ್ಟನ್ ಎತ್ತುವುದಾದರೆ ನಯಾಶ್. ಎಲ್ಲ ಅನುಕೂಲವಾಗಿದ್ದಾಗ ಅದರ ಮಿತಿ 23 ಕೆ.ಜಿ. ಮೈಯಿಂದ 50 ಸೆಂ.ಮೀ. ಆಚೆ ಹಿಡಿದರೆ ಆ ಒಂದೇ ಕಾರಣಕ್ಕೆ 11.5ಕ್ಕೆ ಇಳಿಯುತ್ತದೆ. ಒಂದೇ ಕೈಯಲ್ಲಿ ಎತ್ತುವುದಕ್ಕೆ, ಟ್ರಾಲಿ ತಳ್ಳುವುದಕ್ಕೆ ಈ ಸೂತ್ರ ಬಳಸುವಂತಿಲ್ಲ.

ಮ್ಯಾನೇಜ್‌ಮೆಂಟಿಗೆ ನಂಬರ್ ಬದಲು ಒಂದು ಪುಟ ಕೊಡಿ: ಮೊದಲು ಸರಿಪಡಿಸಬೇಕಾದ ಮೂರು ಜಾಗ, ಯಾಕೆ, ಖರ್ಚೆಷ್ಟು. ಸರಿಪಡಿಸಿದ ಮೇಲೆ ಅದೇ ಹಂತಕ್ಕೆ, ಅದೇ ಹೊತ್ತಿನಲ್ಲಿ, ಅದೇ ಫಾರಂ ಮತ್ತೆ ತುಂಬಿಸಿ.